ಕಟ್ಟಡ ಪ್ರಶ್ನೋತ್ತರ: ಕೊನೇ ದಿನಾಂಕ ಬದಲಾಗಿಲ್ಲ, ಹಾಗಾದರೆ ಕೆಲಸ ತಡವಾಗಿಲ್ಲವೇ?

ಹಳೇ ಷೆಡ್ಯೂಲ್, ಹೊಸ ಷೆಡ್ಯೂಲ್ ಎರಡನ್ನೂ ಎದುರಿಗಿಟ್ಟುಕೊಂಡು ಕೆಲಸ ಎಷ್ಟು ಹಿಂದೆ ಬಿದ್ದಿದೆ ಎಂದು ತಿಳಿಯುವುದು ಹೇಗೆ? ಮನೆ ಕಟ್ಟಿಸುವವರಿಂದ ಹಿಡಿದು ಪ್ಲಾನಿಂಗ್ ಎಂಜಿನಿಯರ್‌ಗಳವರೆಗೆ ಬೆಂಗಳೂರಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: 30x40 ಸೈಟಿನಲ್ಲಿ ನೆಲಮಹಡಿ, ಮೇಲೊಂದು ಮಹಡಿ ಕಟ್ಟಿಸುತ್ತಿದ್ದೇವೆ. ಅಕ್ಟೋಬರ್ 30ಕ್ಕೆ ಮನೆ ಕೈಗೆ ಎಂದು ಕಾಂಟ್ರಾಕ್ಟರ್ ಜನವರಿಯಲ್ಲಿ ಬಾರ್ ಚಾರ್ಟ್ ಕೊಟ್ಟಿದ್ದರು. ಜೂನ್‌ನಲ್ಲಿ ಹೊಸ ಚಾರ್ಟ್ ಕೊಟ್ಟಿದ್ದಾರೆ, ಅದರಲ್ಲೂ ಅಕ್ಟೋಬರ್ 30 ಎಂದೇ ಇದೆ. ಆದರೆ ಕೆಲಸ ಹಿಂದೆ ಬಿದ್ದಿರುವುದು ಕಣ್ಣಿಗೆ ಕಾಣುತ್ತಿದೆ. ಕಾರ್ತಿಕದಲ್ಲಿ ಗೃಹಪ್ರವೇಶಕ್ಕೆ ದಿನ ನೋಡಿಸಿದ್ದೇವೆ. ಎರಡೂ ಚಾರ್ಟ್ ಪಕ್ಕಪಕ್ಕ ಇಟ್ಟರೂ ಏನೂ ಹೊಳೆಯುತ್ತಿಲ್ಲ.
— ಓದುಗರು, ರಾಜರಾಜೇಶ್ವರಿ ನಗರ

ಉತ್ತರ: ಬಣ್ಣದ ಪಟ್ಟಿಗಳನ್ನು ಬಿಟ್ಟುಬಿಡಿ, ದಿನಾಂಕಗಳನ್ನು ಬರೆದುಕೊಳ್ಳಿ. ಒಂದು ಎಕ್ಸೆಲ್ ಹಾಳೆ ಸಾಕು, ನೋಟ್‌ಬುಕ್ ಆದರೂ ನಡೆಯುತ್ತದೆ. ಸಾಲಿಗೊಂದು ಕೆಲಸ. ಪಕ್ಕದಲ್ಲಿ ಆರು ಕಾಲಂ: ಜನವರಿ ಚಾರ್ಟಿನ ಶುರು ಮತ್ತು ಮುಕ್ತಾಯ, ನಿಜವಾಗಿ ಶುರುವಾದ ಮತ್ತು ಮುಗಿದ ದಿನ, ಜೂನ್ ಚಾರ್ಟಿನ ಶುರು ಮತ್ತು ಮುಕ್ತಾಯ.

ನಡುವಿನ ಎರಡು ಕಾಲಂಗಳನ್ನು ಜೂನ್ ಚಾರ್ಟ್ ನೋಡಿ ತುಂಬಬೇಡಿ. ಹೊಸ ಚಾರ್ಟಿನಲ್ಲಿ ಮುಗಿದ ಕೆಲಸಗಳನ್ನು ಮುಗಿದ ದಿನಕ್ಕೇ ‘ಪ್ಲಾನ್’ ಎಂದು ಬರೆದಿರುವುದು ತೀರಾ ಸಾಮಾನ್ಯ. ಹಾಗಾದಾಗ ಎಲ್ಲವೂ ಸರಿಯಾದ ಸಮಯಕ್ಕೇ ಆದಂತೆ ತೋರುತ್ತದೆ. ನಿಜವಾದ ದಿನಾಂಕ ನಿಮ್ಮ ಹತ್ತಿರವೇ ಇರುತ್ತದೆ: ಮೋಲ್ಡ್ (ಸ್ಲ್ಯಾಬ್ ಕಾಂಕ್ರೀಟ್) ಹಾಕಿದ ದಿನ ರೆಡಿಮಿಕ್ಸ್ ಚಲನ್‌ನಲ್ಲಿ, ಬ್ಲಾಕ್ ಮತ್ತು ಕಂಬಿ ಬಂದ ದಿನ ಬಿಲ್ಲಿನಲ್ಲಿ, ಉಳಿದದ್ದು ಮೊಬೈಲಿನ ಫೋಟೋಗಳಲ್ಲಿ.

ಈಗ ಲೆಕ್ಕ. ನೆಲಮಹಡಿ ಮೋಲ್ಡ್ ಮಾರ್ಚ್ 20ಕ್ಕೆ ಎಂದಿದ್ದು ಏಪ್ರಿಲ್ 2ಕ್ಕೆ ಆಯಿತು ಎಂದುಕೊಳ್ಳಿ, 13 ದಿನ ತಡ. ಮೊದಲ ಮಹಡಿಯ ಮೋಲ್ಡ್ ಮೇ 5ರ ಬದಲು ಮೇ 22ಕ್ಕೆ, 17 ದಿನ ತಡ. ಇವನ್ನು ಕೂಡಿಸಿ 30 ದಿನ ಎಂದು ಜಗಳಕ್ಕೆ ಹೋಗುವವರಿದ್ದಾರೆ. ಅದು ತಪ್ಪು. ಎರಡನೆಯ 17ರೊಳಗೆ ಮೊದಲಿನ 13 ಸೇರಿಯೇ ಇದೆ. ಎರಡು ಮೋಲ್ಡ್‌ಗಳ ನಡುವೆ ಹೊಸದಾಗಿ ಕಳೆದುಕೊಂಡದ್ದು ಬರೀ 4 ದಿನ. ಹಾಗಾಗಿ ಕಾರಣ ಕೇಳಬೇಕಾದದ್ದು ಮಾರ್ಚ್ 20ಕ್ಕೂ ಹಿಂದಿನ ಕೆಲಸಗಳ ಬಗ್ಗೆ. ಪಾಯ ತೆಗೆಯುವಾಗ ಬಂಡೆ ಸಿಕ್ಕಿತೇ, ಸೆಂಟ್ರಿಂಗ್ ಸಾಮಾನು ಬೇರೆ ಸೈಟಿನಲ್ಲಿ ಸಿಕ್ಕಿಹಾಕಿಕೊಂಡಿತ್ತೇ, ಡ್ರಾಯಿಂಗ್ ಕೊಡುವುದು ನಿಮ್ಮ ಕಡೆಯಿಂದಲೇ ತಡವಾಯಿತೇ?

17 ದಿನ ಹೋಗಿಯೂ ಅಕ್ಟೋಬರ್ 30 ಅಲ್ಲಾಡಿಲ್ಲ ಎಂದರೆ ಮುಂದಿನ ಕೆಲಸಗಳಲ್ಲಿ ಎಲ್ಲೋ ಅಷ್ಟು ದಿನ ಕತ್ತರಿಸಿದ್ದಾರೆ. ಉಳಿದ ಕೆಲಸಗಳಿಗೆ ಜನವರಿಯಲ್ಲಿ ಎಷ್ಟು ದಿನ ಇತ್ತು, ಜೂನ್‌ನಲ್ಲಿ ಎಷ್ಟಿದೆ ಎಂದು ಸಾಲುಸಾಲಾಗಿ ನೋಡಿ. ಒಳಗಿನ ಪ್ಲಾಸ್ಟರಿಂಗ್ 30 ದಿನ ಇದ್ದದ್ದು 18 ಆಗಿದ್ದು, ಟೈಲ್ಸ್ ಮುಗಿಯುವ 5 ದಿನ ಮೊದಲೇ ಪೇಂಟಿಂಗ್ ಶುರು ಎಂದಿದ್ದರೆ ಲೆಕ್ಕ ಸಿಕ್ಕಿತು: 12 ಮತ್ತು 5, ಒಟ್ಟು 17.

ಕತ್ತರಿಸುವುದು ಮೋಸವೇನಲ್ಲ, ಆಳು ಹೆಚ್ಚಿಸಿದರೆ ಆಗುವ ಮಾತೇ. 30 ದಿನಕ್ಕೆ ಇಬ್ಬರು ಗಾರೆಯವರೆಂದು ಲೆಕ್ಕ ಹಾಕಿದ್ದರೆ ಅದು 60 ಆಳುದಿನದ ಕೆಲಸ. 18 ದಿನದಲ್ಲಿ ಮುಗಿಸಲು ಮೂವರು ಸಾಲರು, ನಾಲ್ವರು ಬೇಕು, ಅವರಿಗೆ ತಕ್ಕ ಹೆಲ್ಪರ್‌ಗಳೂ ಬೇಕು. ‘ಯಾವ ದಿನದಿಂದ ನಾಲ್ವರು ಬರುತ್ತಾರೆ’ ಎಂದು ಕೇಳಿ, ಉತ್ತರವನ್ನು ಚಾರ್ಟಿನ ಮೇಲೇ ಬರೆಸಿಕೊಳ್ಳಿ.

ಆದರೆ ಕೆಲವು ದಿನಗಳನ್ನು ಯಾರೂ ಕತ್ತರಿಸುವಂತಿಲ್ಲ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ 4.5 ಮೀಟರ್‌ವರೆಗಿನ ಸ್ಲ್ಯಾಬ್‌ನ ಆಸರೆ ಕಂಬಗಳು 7 ದಿನ, ಅದಕ್ಕಿಂತ ಉದ್ದದ್ದಾದರೆ 14 ದಿನ ಇರಬೇಕು. ಬೀಮ್ ಕೆಳಗಿನವು 6 ಮೀಟರ್‌ವರೆಗೆ 14 ದಿನ, ಮೇಲ್ಪಟ್ಟರೆ 21 ದಿನ. ಇದು ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ. ಹಾರುಬೂದಿ ಬೆರೆತ ಪಿಪಿಸಿ ಹಾಕಿದ್ದರೆ ಎಂಜಿನಿಯರ್ ಹೇಳಿದಷ್ಟು ಹೆಚ್ಚಿಗೆ ಬಿಡಬೇಕು, ಕ್ಯೂರಿಂಗ್ ಕೂಡ 7ರ ಬದಲು ಕನಿಷ್ಠ 10 ದಿನ. ಹೊಸ ಚಾರ್ಟಿನಲ್ಲಿ ಈ ಸಾಲುಗಳು ಕಿರಿದಾಗಿದ್ದರೆ ಅಲ್ಲೇ ತಡೆಯಿರಿ. ಹಸಿ ಪ್ಲಾಸ್ಟರ್ ಮೇಲೆ ಪುಟ್ಟಿ, ಪೇಂಟ್ ಹೊಡೆಸುವುದೂ ಇದೇ ಜಾತಿ. ಗೃಹಪ್ರವೇಶದ ದಿನ ಗೋಡೆ ಚೆಂದ ಕಾಣುತ್ತದೆ, ಆಮೇಲೆ ಬಿಳಿ ಉಪ್ಪು ಎದ್ದು ಪೇಂಟ್ ಹಕ್ಕಳೆ ಏಳುತ್ತದೆ.

ಜನವರಿ ಚಾರ್ಟಿನ ಮೇಲೆ ಇಬ್ಬರೂ ಸಹಿ ಹಾಕಿ ತಲಾ ಒಂದು ಪ್ರತಿ ಇಟ್ಟುಕೊಳ್ಳಿ. ಮುಂದೆ ಎಷ್ಟು ಹೊಸ ಚಾರ್ಟ್ ಬಂದರೂ ಹೋಲಿಕೆ ಆ ಪ್ರತಿಯ ಜೊತೆಗೂ ಆಗಬೇಕು, ಹಿಂದಿನ ತಿಂಗಳಿನದರ ಜೊತೆಗೂ ಆಗಬೇಕು.

ಪ್ರಶ್ನೆ: ಷೆಡ್ಯೂಲ್ ಸಾಫ್ಟ್‌ವೇರ್ ಪ್ರೈಮವೆರಾ ಪಿ6ನಲ್ಲಿ ತಿಂಗಳಿಗೊಮ್ಮೆ ಅಪ್‌ಡೇಟ್ ಕಳಿಸುತ್ತೇವೆ. ಆಗಸ್ಟ್‌ನಲ್ಲಿ ಮುಕ್ತಾಯ ಮಾರ್ಚ್ 31 ಇತ್ತು, ಸೆಪ್ಟೆಂಬರ್‌ನಲ್ಲೂ ಮಾರ್ಚ್ 31. ಆದರೂ ‘ಸೆಪ್ಟೆಂಬರ್‌ನಲ್ಲಿ ನೀವು ದಿನ ಕಳೆದುಕೊಂಡಿದ್ದೀರಿ, ಲಾಜಿಕ್ (ಕೆಲಸಗಳ ನಡುವಿನ ಕೊಂಡಿ) ತಿದ್ದಿ ಮುಚ್ಚಿದ್ದೀರಿ’ ಎಂದು ಕ್ಲೈಂಟ್ ಕಡೆಯವರು ವಾಪಸ್ ಕಳಿಸಿದ್ದಾರೆ. ಇದನ್ನು ಹೇಗೆ ಪತ್ತೆ ಮಾಡುತ್ತಾರೆ?
— ಪ್ಲಾನಿಂಗ್ ಎಂಜಿನಿಯರ್, ವೈಟ್‌ಫೀಲ್ಡ್

ಉತ್ತರ: ಎರಡು ಅಪ್‌ಡೇಟ್‌ಗಳ ನಡುವೆ ಎರಡು ಬೇರೆ ಬೇರೆ ಸಂಗತಿಗಳು ನಡೆದಿರುತ್ತವೆ. ಒಂದು, ಸೈಟಿನಲ್ಲಿ ಆದ ಕೆಲಸ. ಇನ್ನೊಂದು, ಮೇಜಿನ ಮೇಲೆ ನೀವು ಮಾಡಿದ ತಿದ್ದುಪಡಿ. ಮುಕ್ತಾಯದ ದಿನಾಂಕದಲ್ಲಿ ಇವೆರಡೂ ಕಲಸಿಹೋಗಿರುತ್ತವೆ. ಬಿಡಿಸಿ ನೋಡಲು ನಡುವೆ ಮೂರನೆಯ ಫೈಲ್ ಒಂದನ್ನು ಮಾಡಬೇಕು. ಡಿಲೇ ಅನಾಲಿಸಿಸ್ ಮಾಡುವವರು ಇದನ್ನು ಹಾಫ್ ಸ್ಟೆಪ್ ಎನ್ನುತ್ತಾರೆ.

ಆಗಸ್ಟ್ 31 ಡೇಟಾ ಡೇಟ್ (ಪ್ರಗತಿ ನಮೂದಿಸಿದ ಕೊನೆಯ ದಿನ) ಇರುವ ಫೈಲಿನ ಕಾಪಿ ಮಾಡಿ. ಅದಕ್ಕೆ ಸೆಪ್ಟೆಂಬರ್ ಫೈಲಿನಿಂದ ಆಕ್ಚುವಲ್ ಸ್ಟಾರ್ಟ್, ಆಕ್ಚುವಲ್ ಫಿನಿಶ್ ಮತ್ತು ನಡೆಯುತ್ತಿರುವ ಕೆಲಸಗಳ ರಿಮೈನಿಂಗ್ ಡ್ಯುರೇಷನ್ (ಬಾಕಿ ದಿನ), ಇಷ್ಟನ್ನೇ ತನ್ನಿ. ಹೊಸ ಆ್ಯಕ್ಟಿವಿಟಿ (ಕೆಲಸದ ಸಾಲು), ಲಿಂಕ್, ಲ್ಯಾಗ್ (ಎರಡು ಕೆಲಸಗಳ ನಡುವೆ ಕಾಯುವ ದಿನ), ಕ್ಯಾಲೆಂಡರ್ ಏನೂ ಬೇಡ. ಡೇಟಾ ಡೇಟ್ ಸೆಪ್ಟೆಂಬರ್ 30 ಮಾಡಿ, ಮರುಲೆಕ್ಕಕ್ಕೆ ಎಫ್9 ಒತ್ತಿ. ಬಂದ ಮುಕ್ತಾಯ ಏಪ್ರಿಲ್ 18 ಎಂದಾದರೆ ಸೆಪ್ಟೆಂಬರ್‌ನ ಕೆಲಸದಿಂದ 18 ದಿನ ಹೋಯಿತು ಎಂದೇ ಅರ್ಥ. ನೀವು ಕಳಿಸಿದ ಫೈಲಿನಲ್ಲಿ ಮಾರ್ಚ್ 31 ಇದೆ. ಅಂದರೆ ತಿದ್ದುಪಡಿಯಿಂದ 18 ದಿನ ವಾಪಸ್ ಬಂದಿದೆ. ಕ್ಲೈಂಟ್ ಕಡೆಯವರು ಮಾಡಿರುವುದು ಇಷ್ಟೇ.

ಇನ್ನು ತಿದ್ದುಪಡಿ ಯಾವುವು ಎಂಬುದು. ಹಾಫ್ ಸ್ಟೆಪ್ ಫೈಲ್ ಮತ್ತು ಸೆಪ್ಟೆಂಬರ್ ಫೈಲ್ ಎರಡನ್ನೂ ಪಿ6 ಜೊತೆಗಿನ ವಿಷುವಲೈಜರ್‌ನ ಷೆಡ್ಯೂಲ್ ಕಂಪ್ಯಾರಿಸನ್‌ಗೆ ಕೊಡಿ (ಹಳಬರಿಗೆ ಇದು ಕ್ಲೇಮ್ ಡಿಗ್ಗರ್). ಎಲ್ಲ ಫೀಲ್ಡ್ ಟಿಕ್ ಮಾಡಿದರೆ ರಿಪೋರ್ಟ್ ನೂರಾರು ಪುಟ ಬರುತ್ತದೆ, ಯಾರೂ ಓದುವುದಿಲ್ಲ. ಸೇರಿದ ಮತ್ತು ಅಳಿಸಿದ ಆ್ಯಕ್ಟಿವಿಟಿಗಳು, ಒರಿಜಿನಲ್ ಡ್ಯುರೇಷನ್, ರಿಲೇಷನ್‌ಶಿಪ್ ಮತ್ತು ಲ್ಯಾಗ್, ಕನ್‌ಸ್ಟ್ರೇಂಟ್, ಕ್ಯಾಲೆಂಡರ್, ಆಕ್ಚುವಲ್ ದಿನಾಂಕ, ಇಷ್ಟು ಸಾಕು. ಅದರಲ್ಲೂ ಲಾಂಗೆಸ್ಟ್ ಪಾತ್ (ಮುಕ್ತಾಯದ ದಿನ ನಿರ್ಧರಿಸುವ ಕೆಲಸಗಳ ಸರಣಿ) ಮೇಲಿರುವುದನ್ನು ಮೊದಲು ನೋಡಿ. 18 ದಿನ ವಾಪಸ್ ತಂದ ಕೈಚಳಕ ಸಾಮಾನ್ಯವಾಗಿ ಐದಾರು ಸಾಲುಗಳಲ್ಲೇ ಇರುತ್ತದೆ: ಬ್ಲಾಕ್ ಕೆಲಸ ಮಹಡಿಗೆ 12 ದಿನ ಇದ್ದದ್ದು 8, ಫಿನಿಶ್ ಟು ಸ್ಟಾರ್ಟ್ (ಒಂದು ಮುಗಿದ ಮೇಲೆ ಇನ್ನೊಂದು ಶುರು) ಇದ್ದ ಲಿಂಕ್ 5 ದಿನದ ಲ್ಯಾಗ್ ಇಟ್ಟು ಸ್ಟಾರ್ಟ್ ಟು ಸ್ಟಾರ್ಟ್ (ಒಂದು ಶುರುವಾದ ಮೇಲೆ ಇನ್ನೊಂದು ಶುರು), ವಾರಕ್ಕೆ 6 ದಿನದ ಕ್ಯಾಲೆಂಡರ್ 7 ದಿನದ್ದು. ಪ್ರತಿಯೊಂದಕ್ಕೂ ಪಕ್ಕದಲ್ಲಿ ಕಾರಣ ಬರೆದು ಕಳಿಸಿ. ಎರಡನೇ ಗ್ಯಾಂಗ್ ಬಂದಿದೆ, ಭಾನುವಾರದ ಪಾಳಿಗೆ ಒಪ್ಪಿಗೆ ಸಿಕ್ಕಿದೆ ಎಂದರೆ ಅದು ರಿಕವರಿ ಪ್ಲಾನ್. ಕಾರಣವೇ ಇಲ್ಲದಿದ್ದರೆ ಕ್ಲೈಂಟ್ ಹೇಳಿದ್ದೇ ಸರಿ.

ಹೋಲಿಕೆ ಹಾಳಾಗುವ ಕೆಲವು ಜಾಗಗಳಿವೆ. ಆ್ಯಕ್ಟಿವಿಟಿ ಐಡಿಗಳನ್ನು ನಡುವೆ ರೀನಂಬರ್ ಮಾಡಿದರೆ ಹಳೆಯವೆಲ್ಲ ಅಳಿಸಿದಂತೆ, ಹೊಸವೆಲ್ಲ ಸೇರಿಸಿದಂತೆ ತೋರಿ ರಿಪೋರ್ಟ್ ಕಸವಾಗುತ್ತದೆ. ಅಂದಕ್ಕಾಗಿ ಐಡಿ ಬದಲಿಸಬೇಡಿ. ಷೆಡ್ಯೂಲ್ ಆಪ್ಷನ್ಸ್‌ನಲ್ಲಿ ಒಂದು ತಿಂಗಳು ರಿಟೇನ್ಡ್ ಲಾಜಿಕ್ (ಬಾಕಿ ಕೆಲಸ ಹಿಂದಿನದು ಮುಗಿಯಲು ಕಾಯುತ್ತದೆ), ಇನ್ನೊಂದು ತಿಂಗಳು ಪ್ರೋಗ್ರೆಸ್ ಓವರ್‌ರೈಡ್ (ಕಾಯುವುದಿಲ್ಲ) ಇದ್ದರೆ, ಸರದಿ ತಪ್ಪಿ ಶುರುವಾದ ಕೆಲಸಗಳಿಂದಾಗಿ ಏನೂ ಮುಟ್ಟದೆಯೂ ಮುಕ್ತಾಯ ಬದಲಾಗುತ್ತದೆ. ಎರಡೂ ಫೈಲಿನ ಆಪ್ಷನ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಈ ವಾದವೇ ಏಳುವುದಿಲ್ಲ. 10 ಗಂಟೆಯ ಪಾಳಿಯ ಕ್ಯಾಲೆಂಡರನ್ನು ಸಾಫ್ಟ್‌ವೇರ್ ದಿನಕ್ಕೆ 8 ಗಂಟೆಯಂತೆ ತೋರಿಸುತ್ತಿದ್ದರೆ 10 ದಿನದ ಕೆಲಸ 12.5 ಎಂದು ಕಾಣುತ್ತದೆ. ಡ್ಯುರೇಷನ್ ಕಾಲಂನಲ್ಲಿ ಅರ್ಧ, ಕಾಲು ದಿನಗಳು ಕಂಡರೆ ಮೊದಲು ಅಲ್ಲಿ ಹುಡುಕಿ.

ರಿಮೈನಿಂಗ್ ಡ್ಯುರೇಷನ್ ಮೇಲೆ ಸ್ವಲ್ಪ ಅನುಮಾನ ಇರಲಿ. 20 ದಿನದ ಕೆಲಸ, 6 ದಿನ ನಡೆದಿದೆ, ಉಳಿದದ್ದು 5 ಎಂದು ನಮೂದಿಸಿದರೆ ಅದು ಪ್ರಗತಿಯ ಲೆಕ್ಕಕ್ಕೆ ಹೋಗುತ್ತದೆ, ತಿದ್ದುಪಡಿಯ ಪಟ್ಟಿಯಲ್ಲಿ ಸಿಗುವುದೇ ಇಲ್ಲ. ಹಾಫ್ ಸ್ಟೆಪ್ ಜಾಲರಿಯಿಂದ ನುಸುಳುವುದು ಇಂಥವೇ. ಆಗಸ್ಟ್‌ನಲ್ಲಿ ಒಮ್ಮೆ ಕೊಟ್ಟ ಆಕ್ಚುವಲ್ ದಿನಾಂಕ ಸೆಪ್ಟೆಂಬರ್‌ನಲ್ಲಿ ಬದಲಾಗಿದ್ದರೆ ಅದು ಇನ್ನೂ ಕೆಟ್ಟದ್ದು. ತಪ್ಪು ತಿದ್ದಿದ್ದೇ ಆದರೆ ನರೇಟಿವ್‌ನಲ್ಲಿ ಬರೆಯಿರಿ, ಸುಮ್ಮನೆ ತಿದ್ದಬೇಡಿ.

ಕ್ರಿಟಿಕಲ್ ಅಲ್ಲದ (ತಡವಾದರೂ ಮುಕ್ತಾಯ ಕೂಡಲೇ ಜರುಗದ) ಸಾಲುಗಳ ಫ್ಲೋಟ್ (ತಡವಾಗಲು ಇರುವ ಬಿಡುವು) ಕೂಡ ತಿಂಗಳಿಂದ ತಿಂಗಳಿಗೆ ಹೋಲಿಸಿ. ಲಿಫ್ಟ್ ಆರ್ಡರ್‌ನ ಟೋಟಲ್ ಫ್ಲೋಟ್ ಆಗಸ್ಟ್‌ನಲ್ಲಿ 25, ಸೆಪ್ಟೆಂಬರ್‌ನಲ್ಲಿ 10 ಎಂದರೆ ತಿಂಗಳಿಗೆ 15 ದಿನ ಕರಗುತ್ತಿದೆ. ಅಕ್ಟೋಬರ್ ಮುಗಿಯುವುದರೊಳಗೆ ಅದೇ ಕ್ರಿಟಿಕಲ್ ಆಗುತ್ತದೆ. ಇದನ್ನು ಯಾವ ಮುಕ್ತಾಯದ ದಿನಾಂಕವೂ ಮುಂಚಿತವಾಗಿ ಹೇಳುವುದಿಲ್ಲ.

ಪ್ರಶ್ನೆ: ಎಂಎಸ್ ಪ್ರಾಜೆಕ್ಟ್‌ನಲ್ಲಿ ಫ್ಯಾಕ್ಟರಿ ಶೆಡ್‌ನ ಷೆಡ್ಯೂಲ್ ಇಟ್ಟಿದ್ದೇವೆ. ಆಂಕರ್ ಬೋಲ್ಟ್ ಬಂದದ್ದೇ ತಡ, ಆದರೂ ಫಿನಿಶ್ ವೇರಿಯೆನ್ಸ್ (ಮುಕ್ತಾಯದ ವ್ಯತ್ಯಾಸ) ಕಾಲಂ ಯಾವಾಗಲೂ ಸೊನ್ನೆ ತೋರಿಸುತ್ತದೆ.
— ಓದುಗರು, ಪೀಣ್ಯ

ಉತ್ತರ: ಯಾರೋ ಪ್ರತಿ ಅಪ್‌ಡೇಟ್ ಆದಮೇಲೆ ಸೆಟ್ ಬೇಸ್‌ಲೈನ್ ಒತ್ತುತ್ತಿದ್ದಾರೆ. ಬೇಸ್‌ಲೈನ್ ಎಂದರೆ ಹೋಲಿಕೆಗೆಂದು ಉಳಿಸಿಟ್ಟ ಪ್ಲಾನ್. ಪ್ರಾಜೆಕ್ಟ್ ಟ್ಯಾಬ್‌ನಲ್ಲಿ ಆ ಕಿಟಕಿ ತೆರೆಯಿರಿ, ಬೇಸ್‌ಲೈನ್ ಹೆಸರಿನ ಪಕ್ಕದಲ್ಲೇ ಕೊನೆಯ ಬಾರಿ ಸೇವ್ ಆದ ದಿನಾಂಕ ಇರುತ್ತದೆ. ಅದು ಹೋದ ವಾರದ್ದಾಗಿದ್ದರೆ ಉತ್ತರ ಸಿಕ್ಕಿತು: ತಡವಾದ ದಿನಾಂಕವೇ ಬೇಸ್‌ಲೈನ್ ಆಗಿ ಕೂತಿದೆ.

ಮೊದಲು ಒಪ್ಪಿದ ಫೈಲ್ ಯಾರದಾದರೂ ಇಮೇಲ್‌ನಲ್ಲಿ ಇರುತ್ತದೆ, ಹುಡುಕಿ. ಅದರ ಸ್ಟಾರ್ಟ್, ಫಿನಿಶ್ ಕಾಲಂಗಳನ್ನು ಈಗಿನ ಫೈಲಿನ ಬೇಸ್‌ಲೈನ್ ಸ್ಟಾರ್ಟ್, ಬೇಸ್‌ಲೈನ್ ಫಿನಿಶ್ ಕಾಲಂಗಳಿಗೆ ಅಂಟಿಸಬಹುದು. ಅದಕ್ಕೂ ಮೊದಲು ಎರಡೂ ಫೈಲನ್ನು ಯೂನಿಕ್ ಐಡಿ ಪ್ರಕಾರ ಜೋಡಿಸಿ, ನಡುವೆ ಸೇರಿದ ಹೊಸ ಸಾಲುಗಳಿಗೆ ಜಾಗ ಬಿಡಿ. ಒಂದು ಸಾಲು ಜಾರಿದರೆ ಪೆಡೆಸ್ಟಲ್ ಕಾಂಕ್ರೀಟ್‌ನ ದಿನಾಂಕ ಆಂಕರ್ ಬೋಲ್ಟ್‌ಗೆ ಹೋಗಿ ಕೂರುತ್ತದೆ.

ಮುಂದಕ್ಕೆ, ಎಂಎಸ್ ಪ್ರಾಜೆಕ್ಟ್‌ನಲ್ಲಿ ಒಟ್ಟು 11 ಬೇಸ್‌ಲೈನ್ ಇವೆ. ಮೂಲದ್ದನ್ನು ಮುಟ್ಟದೆ, ಕ್ಲೈಂಟ್ ಒಪ್ಪಿದ ಪರಿಷ್ಕರಣೆಗಳನ್ನು ಬೇಸ್‌ಲೈನ್ 1, 2 ಹೀಗೆ ಉಳಿಸಿ. ಹೊಸ ಕೆಲಸ ಸೇರಿದರೆ ಪೂರ್ತಿ ಪ್ರಾಜೆಕ್ಟ್ ಬದಲು ‘ಸೆಲೆಕ್ಟೆಡ್ ಟಾಸ್ಕ್ಸ್’ ಆರಿಸಿ. ಸ್ಟೇಟಸ್ ಡೇಟ್ (ಪ್ರಗತಿ ಎಣಿಸುವ ದಿನ) ಹಾಕಿ, ಮುಗಿಯದ ಕೆಲಸವನ್ನು ಅಪ್‌ಡೇಟ್ ಪ್ರಾಜೆಕ್ಟ್ ಮೂಲಕ ಆ ದಿನದ ಮುಂದಕ್ಕೆ ತಳ್ಳಿ. ಇಲ್ಲದಿದ್ದರೆ ಆಗದೇ ಉಳಿದ ಕೆಲಸ ಕಳೆದುಹೋದ ದಿನಾಂಕಗಳಲ್ಲೇ ನಿಂತಿರುತ್ತದೆ, ವೇರಿಯೆನ್ಸ್ ಮತ್ತೆ ಸುಳ್ಳು ಹೇಳುತ್ತದೆ.

ಪ್ರಶ್ನೆ: ಪ್ಲಂಬಿಂಗ್ ಕೆಲಸ ಎರಡು ತಿಂಗಳಿಂದ ‘ಶೇ 90 ಆಗಿದೆ’ ಎನ್ನುತ್ತಲೇ ಇದ್ದಾರೆ. ಇದನ್ನು ಹೇಗೆ ಅಳೆಯುವುದು?
— ಓದುಗರು, ಬನಶಂಕರಿ

ಉತ್ತರ: ಶೇಕಡಾವಾರು ಕೇಳಲೇಬೇಡಿ. ‘ಇನ್ನೆಷ್ಟು ದಿನ ಬೇಕು’ ಎಂದು ಪ್ರತಿ ಶನಿವಾರ ಕೇಳಿ ಬರೆದಿಡಿ. ಮೂರು ವಾರ ಸತತವಾಗಿ ‘ಹತ್ತು ದಿನ’ ಎಂದರೆ ಕೆಲಸ ನಿಂತಿದೆ ಎಂದೇ ಲೆಕ್ಕ. ಎಣಿಸಬಹುದಾದ ಗುರುತುಗಳನ್ನೂ ಇಟ್ಟುಕೊಳ್ಳಿ: ಎಷ್ಟು ಬಾತ್‌ರೂಮಿನ ಪೈಪ್ ಕೂತಿತು, ಎಷ್ಟರ ಪ್ರೆಷರ್ ಟೆಸ್ಟ್ ಆಯಿತು. ಟೆಸ್ಟ್ ಆಗದ ಬಾತ್‌ರೂಮ್ ಮುಗಿದದ್ದಲ್ಲ, ಏಕೆಂದರೆ ಟೈಲ್ಸ್ ಹಾಕಿದ ಮೇಲೆ ಲೀಕ್ ಕಂಡರೆ ಎರಡೂ ಕೆಲಸ ಹಿಂದಕ್ಕೆ ಹೋಗುತ್ತವೆ.

ದೊಡ್ಡ ಸೈಟಿನವರಿಗೂ ಒಂದು ಮಾತು. ರೂಪಾಯಿ ಲೆಕ್ಕದ ಎಸ್‌ಪಿಐ ಅಂಕಿ (ಆದ ಕೆಲಸದ ಮೌಲ್ಯವನ್ನು ಅಷ್ಟರೊಳಗೆ ಆಗಬೇಕಿದ್ದ ಕೆಲಸದ ಮೌಲ್ಯದಿಂದ ಭಾಗಿಸಿದ್ದು) ಕೆಲಸ ಮುಗಿಯುತ್ತಾ ಬಂದಂತೆ ತಾನಾಗಿಯೇ 1ಕ್ಕೆ ಹೋಗುತ್ತದೆ, ಕಟ್ಟಡ ಒಂದು ವರ್ಷ ತಡವಾಗಿದ್ದರೂ ಸರಿ. ಕೊನೆಯ ಹಂತದಲ್ಲಿ ಅದನ್ನು ನಂಬಬೇಡಿ.

ಪ್ರಶ್ನೆ: ಕಾಂಟ್ರಾಕ್ಟರ್ 28 ದಿನ ಮಳೆ ಎಂದು ಲೆಕ್ಕ ಕೊಟ್ಟು ಅಷ್ಟೂ ದಿನ ವಿಸ್ತರಣೆ ಕೇಳುತ್ತಿದ್ದಾರೆ. ಒಪ್ಪಬೇಕೇ?
— ಓದುಗರು, ಹೆಣ್ಣೂರು

ಉತ್ತರ: ಮಳೆ ಬಂದ ದಿನಗಳಿಗೂ ಕೆಲಸ ನಿಂತ ದಿನಗಳಿಗೂ ಸಂಬಂಧ ಇರಲೇಬೇಕೆಂದಿಲ್ಲ. ಬೆಂಗಳೂರಿನ ಮಳೆ ಬಹಳ ಸಲ ಸಂಜೆಯದು, ಅಷ್ಟು ಹೊತ್ತಿಗೆ ಹಗಲಿನ ಕೆಲಸ ಮುಗಿದಿರುತ್ತದೆ. ಬೇಸ್‌ಮೆಂಟ್ ಅಗೆಯುವಾಗ ಕಥೆ ತಿರುವುಮುರುವು: ಒಂದು ಗಂಟೆಯ ಮಳೆಗೆ ನೀರು ಪಂಪ್ ಮಾಡಿ, ಕೆಸರು ತೆಗೆದು, ಟಿಪ್ಪರ್ ಮತ್ತೆ ಇಳಿಯಲು ಎರಡು ಮೂರು ದಿನ ಹೋಗಬಹುದು.

ಸೈಟಿನ ದಿನಚರಿ ಪುಸ್ತಕ ತರಿಸಿ. ಪ್ರತಿ ಮಳೆ ದಿನದ ಮುಂದೆ ಅಂದು ಷೆಡ್ಯೂಲ್ ಪ್ರಕಾರ ನಡೆಯಬೇಕಿದ್ದ ಕ್ರಿಟಿಕಲ್ ಕೆಲಸ ಯಾವುದು, ಎಷ್ಟು ಆಳು ಬಂದಿದ್ದರು, ಎಷ್ಟು ಹೊತ್ತಿಗೆ ನಿಂತಿತು ಎಂದು ಬರೆಯಿರಿ. ಒಳಗಿನ ಪ್ಲಾಸ್ಟರಿಂಗ್ ನಡೆಯುತ್ತಿದ್ದ ದಿನಗಳನ್ನು ಹೊಡೆದುಹಾಕಿ. ಎಂ ಸ್ಯಾಂಡ್ ಇಲ್ಲದೆ, ಆಳುಗಳು ಹಬ್ಬಕ್ಕೆ ಊರಿಗೆ ಹೋಗಿ ಹೇಗೂ ನಿಂತಿದ್ದ ದಿನಗಳನ್ನು ಬೇರೆ ಪಟ್ಟಿ ಮಾಡಿ. ಅವು ಮಳೆಯ ಖಾತೆಗೆ ಪೂರ್ತಿ ಹೋಗಲಾರವು.

ಇನ್ನೊಂದು ಪ್ರಶ್ನೆ: ಬೇಸ್‌ಲೈನ್‌ನಲ್ಲೇ ಮಳೆಗೆ ದಿನ ಬಿಟ್ಟಿದ್ದರೇ? ಮೇ ತಿಂಗಳ ಸಂಜೆ ಮಳೆ, ಸೆಪ್ಟೆಂಬರ್ ಅಕ್ಟೋಬರ್‌ನ ಜೋರು ಮಳೆ ಈ ಊರಿನಲ್ಲಿ ಕಾಂಟ್ರಾಕ್ಟ್ ಮಾಡುವವರಿಗೆ ಹೊಸದಲ್ಲ. ಸೆಪ್ಟೆಂಬರ್ ಕ್ಯಾಲೆಂಡರ್‌ನಲ್ಲಿ 6 ದಿನ ಮಳೆಗೆಂದೇ ಬಿಟ್ಟಿದ್ದು, ನಿಜವಾಗಿ 9 ದಿನ ಕೆಲಸ ನಿಂತಿದ್ದರೆ ಮಾತಾಡಬೇಕಾದದ್ದು 3 ದಿನದ ಬಗ್ಗೆ. ಅದೂ ಒಪ್ಪಂದದಲ್ಲಿ ಮಳೆಯ ಬಗ್ಗೆ ಏನು ಬರೆದಿದೆ ಎಂಬುದಕ್ಕೆ ಒಳಪಟ್ಟು.

ಪ್ರಶ್ನೆ: ಅಪಾರ್ಟ್‌ಮೆಂಟ್ ಬುಕ್ ಮಾಡಿದ್ದೇವೆ. ಬಿಲ್ಡರ್ ಆಫೀಸಿನಲ್ಲಿ ಕೇಳಿದರೆ ‘ಆನ್ ಟ್ರ್ಯಾಕ್’ ಎನ್ನುತ್ತಾರೆ. ಷೆಡ್ಯೂಲ್ ನಮ್ಮ ಕೈಗೆ ಸಿಗುವುದಿಲ್ಲವಲ್ಲ, ಏನನ್ನು ಹೋಲಿಸುವುದು?
— ಓದುಗರು, ಯಲಹಂಕ

ಉತ್ತರ: ಸಿಗುತ್ತದೆ, ಕೇಳಬೇಕು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 19(2)ನೇ ಸೆಕ್ಷನ್ ಪ್ರಕಾರ ಹಂತಹಂತದ ಕಾಲಪಟ್ಟಿ ತಿಳಿಯುವುದು ಖರೀದಿದಾರರ ಹಕ್ಕು, ನೀರು, ಒಳಚರಂಡಿ, ವಿದ್ಯುತ್ ವ್ಯವಸ್ಥೆಯದೂ ಸೇರಿ. ಇಮೇಲ್‌ನಲ್ಲಿ ಕೇಳಿ. 11ನೇ ಸೆಕ್ಷನ್ ಪ್ರಕಾರ ಬಿಲ್ಡರ್ ಮೂರು ತಿಂಗಳಿಗೊಮ್ಮೆ ರೇರಾ ವೆಬ್‌ಸೈಟಿನಲ್ಲಿ ಪ್ರಗತಿ ಹಾಕಬೇಕು. ಪ್ರತಿ ತ್ರೈಮಾಸಿಕದ ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಹೋಲಿಸಲು ಹಳೆಯದು ಬೇಕಲ್ಲ.

ಒಟ್ಟು ಶೇಕಡಾವಾರು ಬಿಟ್ಟು ವೇಗ ನೋಡಿ. 14 ಸ್ಲ್ಯಾಬ್‌ಗಳ ಕಟ್ಟಡದಲ್ಲಿ ಮಾರ್ಚ್ ಕೊನೆಗೆ 5, ಜೂನ್ ಕೊನೆಗೆ 8 ಆಗಿದ್ದರೆ ತಿಂಗಳಿಗೆ ಒಂದು ಸ್ಲ್ಯಾಬ್. ಉಳಿದ 6ಕ್ಕೆ ಡಿಸೆಂಬರ್. ಬಿಲ್ಡರ್ ಪಟ್ಟಿಯಲ್ಲಿ ಸೆಪ್ಟೆಂಬರ್ ಎಂದಿದ್ದರೆ ವೇಗ ಇಮ್ಮಡಿ ಆಗಬೇಕು, ಅದಕ್ಕೆ ಎರಡನೇ ಸೆಟ್ ಶಟರಿಂಗ್ ಬಂದಿದೆಯೇ ಎಂದು ಸೈಟಿಗೆ ಹೋದಾಗ ನೋಡಿ. ಕೊನೆಯ ಸ್ಲ್ಯಾಬ್ ಬಿದ್ದ ಮೇಲೂ ಲಿಫ್ಟ್, ಅಗ್ನಿಶಾಮಕ ಪೈಪ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಟ್ರಾನ್ಸ್‌ಫಾರ್ಮರ್, ಬೆಸ್ಕಾಂ ಮತ್ತು ಜಲಮಂಡಳಿ ಸಂಪರ್ಕ, ಓಸಿ (ವಾಸಯೋಗ್ಯ ಪ್ರಮಾಣಪತ್ರ) ಇಷ್ಟೂ ಬಾಕಿ. ಎರಡು ತ್ರೈಮಾಸಿಕಗಳಲ್ಲಿ ಸ್ಟ್ರಕ್ಚರ್ ಏರುತ್ತಾ ಈ ಸಾಲುಗಳು ಸೊನ್ನೆಯಲ್ಲೇ ಇದ್ದರೆ ‘ಆನ್ ಟ್ರ್ಯಾಕ್’ ಮಾತು ಸ್ಲ್ಯಾಬಿಗಷ್ಟೇ ಅನ್ವಯ.

ಮೂರು ದಿನಾಂಕಗಳನ್ನು ಒಂದೇ ಕಾಗದದಲ್ಲಿ ಬರೆದುಕೊಳ್ಳಿ: ಮಾರಾಟ ಕರಾರಿನಲ್ಲಿರುವ ಸ್ವಾಧೀನದ ದಿನ, ರೇರಾ ನೋಂದಣಿಯ ಮೂಲ ಮುಕ್ತಾಯ, ವಿಸ್ತರಣೆ ಸಿಕ್ಕಿದ್ದರೆ ಅದು. ವಿಸ್ತರಣೆ ಸಿಕ್ಕಿತೆಂದು ನಿಮ್ಮ ಕರಾರಿನ ದಿನಾಂಕ ಮುಂದೆ ಹೋಗುವುದಿಲ್ಲ. ಅವಧಿಯನ್ನು ಕರಾರಿನಂತೆ ಎಣಿಸಬೇಕು, ನೋಂದಣಿಯಂತೆ ಅಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಹೇಳಿದೆ. ಆ ದಿನ ದಾಟಿದರೆ 18ನೇ ಸೆಕ್ಷನ್ ಪ್ರಕಾರ ಹಣ ವಾಪಸ್ ಕೇಳಬಹುದು, ಇಲ್ಲವೇ ಮನೆ ಉಳಿಸಿಕೊಂಡು ಸ್ವಾಧೀನ ಸಿಗುವವರೆಗೆ ತಿಂಗಳ ಲೆಕ್ಕದಲ್ಲಿ ಬಡ್ಡಿ ಕೇಳಬಹುದು. ಕರ್ನಾಟಕದ ನಿಯಮಗಳಲ್ಲಿ ಆ ದರ ಎಸ್‌ಬಿಐನ ಗರಿಷ್ಠ ಎಂಸಿಎಲ್‌ಆರ್ (ಬ್ಯಾಂಕಿನ ಸಾಲದ ಮೂಲ ಬಡ್ಡಿ ದರ) ಜೊತೆಗೆ ಶೇ 2. ಕರಾರಿನಲ್ಲಿ ‘ಗ್ರೇಸ್ ಪೀರಿಯಡ್ 6 ತಿಂಗಳು’ ಎಂಬ ಸಾಲು ಸಣ್ಣ ಅಕ್ಷರದಲ್ಲಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಬಿಲ್ಡರ್ ‘ತಡವಾಗಿಲ್ಲ’ ಎನ್ನುವಾಗ ಸಾಮಾನ್ಯವಾಗಿ ಎಣಿಸುತ್ತಿರುವುದು ಅದನ್ನೂ ಸೇರಿಸಿ.